ಮೊಗಲಾಯಿಯಿಂದ ಬಂದವರ ಹೆಸರು ಯಾವ ಪುಸ್ತಕದಲ್ಲಿದೆ?

ಕಬ್ಬಿಣದ ಗೇಟು ದಾಟಿದರೆ ಮೊದಲು ಸಿಗುವುದು ಬೇವಿನ ಮರ, ಅದರ ನೆರಳಲ್ಲಿ ಅರ್ಜಿ ಬರೆದುಕೊಡುವವರ ಮೇಜು. ನವಲಗುಂದ ಸೀಮೆಯ ಹಳ್ಳಿಗಳ ಹಳೆಯ ಕಾಗದಪತ್ರ ಇಟ್ಟಿರುವ ಕಟ್ಟಡ ಇದು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಉತಾರ ಬೇಕು, ಇಲ್ಲವೆ ವಾರಸಾ ನಕಲು ಬೇಕು. ನನ್ನ ಕೆಲಸ ಬೇರೆಯಿತ್ತು. "ನಮ್ಮ ಹಿರ್ಯಾರು ಮೊಗಲಾಯಿ ಕಡಿಂದ ಬಂದಾರ್ರಿ" ಎಂದು ಶಲವಡಿಯ ಕಟ್ಟೆಯ ಮೇಲೆ ಕೇಳಿದ್ದೆ. ಮೊಗಲಾಯಿ ಅಂದರೆ ನಿಜಾಮನ ಹೈದರಾಬಾದ್ ಸಂಸ್ಥಾನ. ಯಲಬುರ್ಗಾ, ಕುಷ್ಟಗಿ, ಕೊಪ್ಪಳ ಎಲ್ಲ ಅದರೊಳಗೆ. ಶಲವಡಿ ಮಾತ್ರ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ. ಆ ಗಡಿ ದಾಟಿ ಬಂದವರ ಹೆಸರನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ನೋಡಲು ಒಳಗೆ ಹೋದೆ.

ಪಡಸಾಲೆಯಲ್ಲೇ ಕಾಲು ನಿಂತಿತು. ಗೋಡೆಯ ಮೇಲೆ ಸ್ವಾತಂತ್ರ್ಯಕ್ಕೂ ಮುಂಚಿನ ಜಿಲ್ಲಾ ನಕ್ಷೆ, ಅಂಚುಗಳನ್ನು ಗೆದ್ದಲು ತಿಂದಿದೆ. ಧಾರವಾಡ ಜಿಲ್ಲೆ ಒಂದೇ ಬಣ್ಣದಲ್ಲಿಲ್ಲ. ಕೌದಿಗೆ ತೇಪೆ ಹಾಕಿದಂತೆ ತುಂಡುತುಂಡು. ಕುಂದಗೋಳ ಜಮಖಂಡಿಗೆ ಸೇರಿದ್ದು, ಲಕ್ಷ್ಮೇಶ್ವರ ಮೀರಜಕ್ಕೆ, ಶಿರಹಟ್ಟಿ ಸಾಂಗಲಿಗೆ. ಸವಣೂರಿಗೆ ತನ್ನದೇ ನವಾಬ. ಹುಬ್ಬಳ್ಳಿಯಿಂದ ಕುಂದಗೋಳದ ಮೇಲೆ ಲಕ್ಷ್ಮೇಶ್ವರದ ಸಂತೆಗೆ ಚಕ್ಕಡಿ ಹೊಡೆದವನು ಒಂದೇ ದಾರಿಯಲ್ಲಿ ಬೇರೆ ಬೇರೆ ದೊರೆಗಳ ಸೀಮೆ ತುಳಿಯುತ್ತಿದ್ದ. ಈ ಸಣ್ಣ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ಅಲ್ಲಿಯವರೆಗೆ ಮಗಳನ್ನು ಪಕ್ಕದೂರಿಗೆ ಕೊಟ್ಟರೂ ಅದು ಕೆಲವೊಮ್ಮೆ ಬೇರೆ ರಾಜ್ಯಕ್ಕೆ ಕೊಟ್ಟ ಹಾಗೆಯೇ.

ಮುಂದೆ ಅರ್ಜಿ ಕೊಡುವ ಕಿಟಕಿ. ಒಂದು ಮನೆತನದ ಹೆಸರು ಹೇಳಿ, ಅವರ ಬಗ್ಗೆ ಏನಿದೆ ಎಂದು ಕೇಳಿದೆ. ಒಳಗಿದ್ದವರು ನಕ್ಕರು. "ಹೆಸರಿನ ಮ್ಯಾಲ ಇಲ್ಲೇನೂ ಸಿಗೂದಿಲ್ರಿ. ಊರು ಹೇಳ್ರಿ, ಸರ್ವೆ ನಂಬರ್ ಹೇಳ್ರಿ." ಈ ಕಟ್ಟಡದ ಬೀಗದ ಕೈ ಆ ಮಾತಿನಲ್ಲೇ ಇತ್ತು. ಇಲ್ಲಿ ಎಲ್ಲವನ್ನೂ ಜೋಡಿಸಿದ್ದು ನೆಲದ ಲೆಕ್ಕದಲ್ಲಿ. ಮನುಷ್ಯ ನೆಲಕ್ಕೆ ಅಂಟಿಕೊಂಡು ಬಂದರಷ್ಟೇ ಕಾಗದಕ್ಕೆ ಬರುತ್ತಾನೆ.

ಒಳಕೋಣೆಯಲ್ಲಿ ಕಬ್ಬಿಣದ ಕಪಾಟುಗಳ ಸಾಲು, ಒಂದೊಂದರಲ್ಲೂ ಕೆಂಪು ರುಮಾಲಿನಲ್ಲಿ ಸುತ್ತಿದ ಕಟ್ಟು. ಶಲವಡಿಯ ಕಟ್ಟು ಬಿಚ್ಚಿದಾಗ ಮೇಲಿನ ಹಾಳೆಗಳು ಕನ್ನಡದಲ್ಲಿದ್ದವು, ಕೆಳಗಿನವು ಮೋಡಿ ಲಿಪಿಯಲ್ಲಿ. ಮೋಡಿಯಲ್ಲಿ ಮೊದಲು ಉದ್ದ ಗೆರೆ ಎಳೆದು ಆಮೇಲೆ ಅಕ್ಷರ ತೂಗುಹಾಕುತ್ತಾರೆ. ಪದಗಳ ನಡುವೆ ಜಾಗ ಬಿಡುವುದಿಲ್ಲ. ಹ್ರಸ್ವ ದೀರ್ಘದ ಗೊಡವೆಯೂ ಕಡಿಮೆ. ಅದರಲ್ಲಿ ಬರೆದ ಕನ್ನಡ ಹೆಸರನ್ನು ಇಬ್ಬರು ಎರಡು ಬಗೆಯಲ್ಲಿ ಓದಬಹುದು. ಜೊತೆಗಿದ್ದ ಹಿರಿಯರೊಬ್ಬರು ಓದಿದ ಒಂದು ಹೆಸರು ನಾನು ಹುಡುಕುತ್ತಿದ್ದ ಮನೆತನದ್ದೇ ಇರಬಹುದು. ಹೌದೆಂದು ಆಣೆ ಮಾಡಲಾರೆ.

ಮುಂಬಯಿ ಇಲಾಖೆಯಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅಪ್ಪ ಸತ್ತ, ಮಕ್ಕಳ ಹೆಸರು ಏರಿತು. ಹೊಲ ಮಾರಿದ, ಕೊಂಡವನ ಹೆಸರು ಏರಿತು. ವಾರಸಾ ನೋಂದುಗಳನ್ನು ಒಂದರ ಹಿಂದೊಂದು ಹಿಡಿದು ಹೋದರೆ ಮೂರು ತಲೆಮಾರು ಸಿಗುವುದು ಕಷ್ಟವಲ್ಲ. ಆದರೆ ಹೊಲ ಕೊಳ್ಳುವ ಮೊದಲು ಆ ಮನುಷ್ಯ ಎಲ್ಲಿದ್ದ ಎಂಬುದು ಅಲ್ಲಿಲ್ಲ. ಬರಿಗೈಲಿ ಬಂದು ಇನ್ನೊಬ್ಬರ ಹೊಲದಲ್ಲಿ ಜೀತಕ್ಕೋ ಕೂಲಿಗೋ ನಿಂತವನಂತೂ ಈ ರುಮಾಲಿನೊಳಗೆ ಬರುವುದೇ ಇಲ್ಲ.

ಕಟ್ಟು ಮತ್ತೆ ಕಟ್ಟುವಾಗ ಅಮೆರಿಕದವರ ನೆನಪಾಯಿತು. ಕೆನಡಾದ ಕಡೆಯಿಂದ ತಮ್ಮ ದೇಶಕ್ಕೆ ಬರುವವರನ್ನು ಅವರು 1895ರಿಂದ ಪಟ್ಟಿ ಮಾಡತೊಡಗಿದರು. ವರ್ಮಾಂಟ್ ರಾಜ್ಯದ ಊರೊಂದರ ಹೆಸರಿನಿಂದ ಅವಕ್ಕೆ ಸೇಂಟ್ ಆಲ್ಬನ್ಸ್ ಪಟ್ಟಿಗಳೆಂದೇ ಹೆಸರು. ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ, ಕೊನೆಗೆ ಇದ್ದ ಊರು ಯಾವುದು, ಅಲ್ಲಿ ಹತ್ತಿರದ ಸಂಬಂಧಿ ಯಾರು, ಈಗ ಯಾರ ಬಳಿ ಹೋಗುವುದು, ಎಲ್ಲ ಅದರಲ್ಲಿದೆ. ಮೊಮ್ಮಕ್ಕಳು ಈಗ ಅದನ್ನೇ ಹಿಡಿದು ಅಜ್ಜನ ಊರು ಹುಡುಕುತ್ತಾರೆ. ನಮ್ಮ ಗಡಿಯಲ್ಲೂ ನಾಕೆಗಳಿದ್ದವು. ನಿಜಾಮನ ಕಡೆ ಕರೋಡಗಿರಿ ಎಂಬ ಸುಂಕದ ಇಲಾಖೆ ಇತ್ತು, ಹಾಲಿ ಸಿಕ್ಕಾ ಎಂಬ ಬೇರೆಯೇ ನಾಣ್ಯ ಇತ್ತು. ಆದರೆ ನಾಕೆಯವನ ಕಣ್ಣು ಹತ್ತಿಯ ಅಂಡಿಗೆಯ ಮೇಲೆ. ಬರಿಗೈಲಿ ನಡೆದು ಬಂದವನಿಂದ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ. ಜನಗಣತಿಯವರು ಹುಟ್ಟಿದ ಸ್ಥಳ ಕೇಳುತ್ತಿದ್ದರು, ನಿಜ. ಅಚ್ಚಾದದ್ದು ಮಾತ್ರ ಬರೀ ಸಂಖ್ಯೆ.

ಹಿಂದಿನ ಬಾಗಿಲಿನಿಂದ ಹೊರಬಿದ್ದರೆ ಕಂಪೌಂಡಿನ ಗೋಡೆಗೆ ಅಂಟಿಕೊಂಡೇ ಒಂದು ಹಳೆಯ ಕನ್ನಡ ಶಾಲೆ. ಅಲ್ಲಿಯ ಮಾಸ್ತರರು ಕಪಾಟಿನಿಂದ ಜನರಲ್ ರಜಿಸ್ಟರ್ ತೆಗೆದಿಟ್ಟರು. ಉದ್ದ ಪುಸ್ತಕ, ರಟ್ಟು ಕಿತ್ತಿದೆ. ಅಂಕಣಗಳನ್ನು ಎಡದಿಂದ ಓದುತ್ತ ಹೋದೆ: ವಿದ್ಯಾರ್ಥಿಯ ಹೆಸರು, ಹುಟ್ಟಿದ ಊರು, ಹುಟ್ಟಿದ ತಾರೀಖು, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಅಮೆರಿಕದ ಗಡಿಯಲ್ಲಿ ಅಧಿಕಾರಿ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನು ಇಲ್ಲಿ ಶಾಲೆಯ ಮಾಸ್ತರರು ಕೇಳಿ ಬರೆದಿದ್ದಾರೆ!

1947-48ರ ಹಾಳೆಗಳಲ್ಲಿ ನಿಧಾನ ಮಾಡಿದೆ. 1947ರ ಆಗಸ್ಟ್ 15ಕ್ಕೆ ಧಾರವಾಡಕ್ಕೆ ಸ್ವಾತಂತ್ರ್ಯ ಬಂತು, ಯಲಬುರ್ಗಾಕ್ಕೆ ಬರಲಿಲ್ಲ. ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಅಂಜಿ ಜನ ಈಚೆ ಕಡೆಗೆ ಬಂದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲೆ ಬಹಳಷ್ಟು ಮಂದಿ ತಿರುಗಿ ಹೋದರು. ಆ ವರ್ಷ ನಡುವೆಯೇ ಸೇರಿ ನಡುವೆಯೇ ಬಿಟ್ಟ ಮಕ್ಕಳ ಸಾಲುಗಳು ರಜಿಸ್ಟರಿನಲ್ಲಿವೆ. "ಪರಊರಿಗೆ ಹೋದದ್ದರಿಂದ" ಎಂಬಷ್ಟೇ ಕಾರಣ. ಅವರೆಲ್ಲ ನಿರಾಶ್ರಿತರೇ, ಅಥವಾ ಸೋದರಮಾವನ ಮನೆಗೆ ಬಂದಿದ್ದ ಹುಡುಗರೂ ಇದ್ದರೋ, ಸಾಲು ನೋಡಿ ಹೇಳಲಾಗದು. ಹೆಣ್ಣುಮಕ್ಕಳ ಹೆಸರು ಬಹಳ ಕಡಿಮೆ. ಹುಟ್ಟಿದ ತಾರೀಖು ಸಾಲುಸಾಲಾಗಿ ಜೂನ್ 1 ಎಂದಿದೆ, ಅದನ್ನಂತೂ ನಂಬುವ ಹಾಗಿಲ್ಲ. ಆದರೆ "ಹಿಂದಿನ ಶಾಲೆ" ಎಂಬಲ್ಲಿ ಗಡಿಯಾಚೆಯ ಊರಿನ ಹೆಸರು ಸಿಕ್ಕರೆ ಅದು ಗಟ್ಟಿ ಸುಳಿವು. ಶಲವಡಿಯವರು ಶಲವಡಿಯ ಶಾಲೆಯ ರಜಿಸ್ಟರಿನಿಂದಲೇ ಶುರು ಮಾಡಬೇಕು. ಅದನ್ನು ಹಿಡಿದು ಆಚೆ ಕಡೆಗೆ ಹೋದರೆ ಸಿಗುವ ಸಂಸ್ಥಾನದ ಕಾಗದಗಳು ಉರ್ದುವಿನಲ್ಲಿ, ಫಸಲಿ ವರ್ಷದಲ್ಲಿ ಇರುತ್ತವೆ. ಫಸಲಿಗೆ 590 ಕೂಡಿಸಿದರೆ ಇಸವಿ. 1357 ಅಂದರೆ 1947ರ ಅಕ್ಟೋಬರಿನಿಂದ ಮುಂದಿನದು.

ಹೊರಟು ಮತ್ತೆ ಬೇವಿನ ಕೆಳಗೆ ಬಂದಾಗ, ಉತಾರಕ್ಕೆ ಕಾದಿದ್ದ ಅಜ್ಜ ಒಬ್ಬರು ನನ್ನ ಕೆಲಸ ಕೇಳಿ, "ಇಷ್ಟೆಲ್ಲಾ ಯಾಕ ತಿರಗತೀರಿ, ಹೆಳವ ಬಂದಾಗ ಕೇಳ್ರಲಾ" ಎಂದರು. ಸರಿಯಾದ ಮಾತು. ಎತ್ತಿನೊಂದಿಗೆ ಊರೂರು ತಿರುಗುವ ಹೆಳವರು ಒಕ್ಕಲುಮನೆತನಗಳ ಮುಂದೆ ನಿಂತು ವಂಶಾವಳಿ ಹೇಳುತ್ತಾರೆ: ಮೂಲ ಊರು ಯಾವುದು, ಅಲ್ಲಿಂದ ಎದ್ದವರು ಯಾರು, ಎಲ್ಲಿಗೆ ಬಂದರು, ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು. ಹೊಸ ಮಗು ಹುಟ್ಟಿದ್ದರೆ ತಮ್ಮ ಪುಸ್ತಕಕ್ಕೆ ಏರಿಸಿಕೊಂಡು, ಕಾಳುಕಡಿ, ದುಡ್ಡು ಇಸಿದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಸರಕಾರದ ಪುಸ್ತಕ ಗಡಿಯೊಳಗೇ ನಿಲ್ಲುತ್ತದೆ. ಹೆಳವನ ಪುಸ್ತಕ ಒಕ್ಕಲಿನ ಬೆನ್ನು ಹತ್ತಿ ಗಡಿ ದಾಟುತ್ತದೆ.

ಅದಕ್ಕೂ ಮಿತಿಯಿದೆ. ಹೆಳವ ಹೇಳುವುದರಲ್ಲಿ ಇಸವಿ ಸಿಗುವುದು ಅಪರೂಪ, ಹೊಗಳಿಕೆ ಸೇರಿರುತ್ತದೆ, ಮತ್ತು ಎಲ್ಲ ಜಾತಿಯ ಮನೆಗೂ ಹೆಳವರಿಲ್ಲ. ಅಂಥ ಮನೆಗಳಿಗೆ ಅಡ್ಡಹೆಸರೇ ಕೆಲವೊಮ್ಮೆ ಸಾಕ್ಷಿ. ಕುಕನೂರಿನಲ್ಲೇ ಇದ್ದವನನ್ನು ಯಾರೂ ಕುಕನೂರ ಎಂದು ಕರೆಯುವುದಿಲ್ಲ. ಆ ಊರು ಬಿಟ್ಟು ಬಂದ ಮೇಲೆ ಅಂಟಿದ ಹೆಸರು ಅದು.

ಹಾಗಾಗಿ ಮೊದಲು ಹೆಳವನಿಂದ, ಇಲ್ಲವೆ ಮನೆಯ ಹಿರಿಯರಿಂದ, ಊರಿನ ಹೆಸರು ಪಡೆಯಬೇಕು. ಶಾಲೆಯ ರಜಿಸ್ಟರಿನಿಂದ ವರ್ಷ, ಉತಾರದಿಂದ ನೆಲೆ ನಿಂತ ಕಾಲ. ಮೂರರಲ್ಲಿ ಎರಡು ಒಂದೇ ಮಾತು ಹೇಳಿದರೆ ನಾನು ನಂಬುತ್ತೇನೆ. ಒಂದೇ ಹೇಳಿದರೆ ಪೆನ್ಸಿಲ್ಲಿನಲ್ಲಿ ಬರೆದಿಡುತ್ತೇನೆ.