ಹೊಗೆ ನುಸುಳುವ ದಾರಿ

ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳ ಷಟರುಗಳು ಕಿರುಗುಟ್ಟುತ್ತ ಒಂದೊಂದಾಗಿ ಮೇಲೇಳುವ ಹೊತ್ತು. ಹಿಂದಿನ ಗಲ್ಲಿಗೆ ತಿರುಗಿದರೆ ಆಗಷ್ಟೇ ನೀರು ಚಿಮುಕಿಸಿ ಗುಡಿಸಿದ ನೆಲ, ಗೋಡೆಗೆ ಒರಗಿಸಿಟ್ಟ ಹಳೆಯ ಬಂಪರುಗಳು, ತಂತಿಗೆ ಪೋಣಿಸಿ ತೂಗುಹಾಕಿದ ಪ್ಯಾಕಿಂಗುಗಳು, ಮತ್ತು ತಗಡಿನ ಚಾವಣಿಯ ಕೆಳಗೆ ನಮ್ಮ ಎದೆಯ ಮಟ್ಟಕ್ಕೂ ಬಾರದಷ್ಟು ತಗ್ಗಾಗಿ ನಿಂತ ಒಂದು ಕಡುಹಸಿರು ಕಾರು. ಎರಡೇ ಸೀಟು, ಉದ್ದ ಮೂಗು, ಬಟ್ಟೆಯ ಟಾಪು. ಬನ್ನಿ, ಈ ಕಡೆ ನಿಲ್ಲೋಣ. ಗ್ಯಾರೇಜಿನ ಮೇಸ್ತ್ರಿ ಬರುವವರೆಗೆ ಬಾನೆಟ್ಟನ್ನು ಯಾರೂ ಮುಟ್ಟುವಂತಿಲ್ಲ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನೇ ಅವರಿಗೆ ಬೇಕು.

ಬಂದವರು ಮೊದಲು ಮಾಡಿದ ಕೆಲಸ ಕೈ ತೊಳೆದದ್ದು, ಅದೂ ಸೋಪು ಹಾಕಿ, ಮೊಣಕೈವರೆಗೆ. ಹುಡುಗನನ್ನು ಕರೆದು ಸೀಮೆಎಣ್ಣೆಯ ತಟ್ಟೆಯನ್ನು ಹೊರಗೆ ಇಡಿಸಿದರು. ಡ್ಯಾಶ್‌ಬೋರ್ಡಿನ ಮೇಲೆ ಕುಳಿತಿದ್ದ ಸೆಂಟಿನ ಸೀಸೆಯನ್ನು ಕಿತ್ತು ಓನರ್ ಕೈಗೆ ಕೊಟ್ಟು, "ಇದನ್ನ ಮನೇಲಿಡಿ ಸಾರ್. ಗಾಡಿ ಏನು ಹೇಳ್ತಿದೆ ಅಂತ ಇದು ಕೇಳಿಸೋಕೆ ಬಿಡಲ್ಲ" ಎಂದರು. ನನಗೂ ಹಾಗೆಯೇ ಅನಿಸುತ್ತದೆ. ವಾಸನೆ ಬರುವ ಕಾರಿನಲ್ಲಿ ಸುಗಂಧ ತುಂಬುವುದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಆಮೇಲೆ ಒಳಗೆ ಕೂತು, ಕಿಟಕಿ ಏರಿಸಿ, ಕಣ್ಣು ಮುಚ್ಚಿದರು. ಹಳೆಯ ಚರ್ಮ, ಸೀಟಿನಡಿಯ ಮುಗ್ಗು ಹಿಡಿದ ಜಮಖಾನೆ, ತೆಳ್ಳಗೆ ಪೆಟ್ರೋಲು. ಒಂದೆರಡು ನಿಮಿಷ ಅಷ್ಟೇ, ಹೊರಗೆ ಬಂದುಬಿಟ್ಟರು. ಒಂದೇ ವಾಸನೆಯಲ್ಲಿ ಕೂತಿದ್ದರೆ ಮೂಗು ಬೇಗ ಮಂಕಾಗುತ್ತದೆ, ಗಾಡಿ ಓಡಿಸುವವನಿಗೆ ಗೊತ್ತಾಗದ್ದು ಆಗ ತಾನೆ ಹತ್ತಿದವನಿಗೆ ಥಟ್ಟನೆ ಗೊತ್ತಾಗುವುದು ಅದಕ್ಕೇ.

"ಯಾವಾಗ ಬರುತ್ತೆ ಸಾರ್?"

ಓನರ್ ನಿವೃತ್ತ ಬ್ಯಾಂಕ್ ಅಧಿಕಾರಿ. ಸೋದರಮಾವನಿಂದ ಬಂದ ಗಾಡಿ ಇದು. "ಸಿಗ್ನಲ್ಲಲ್ಲಿ ನಿಂತಾಗ ಎಣ್ಣೆ ಸುಟ್ಟ ಹಾಗೆ ಕಣಪ್ಪ. ನಂದಿ ಬೆಟ್ಟದ ಕಡೆ ಸ್ಪೀಡಾಗಿ ಹೋಗುವಾಗ ಅದು ಬೇರೆ, ಹೊಗೇನೇ. ಟಾಪು ಹಾಕಿ ಕಿಟಕಿ ಇಳಿಸಿದ್ರೆ ಇನ್ನೂ ಜಾಸ್ತಿ. ಮನೆಗೆ ಬಂದ್ರೆ ತಲೆನೋವು."

ಬಾನೆಟ್ಟಿನ ಮೇಲಿದ್ದ ಮೇಸ್ತ್ರಿಯ ಕೈ ಆ ಕೊನೆಯ ಮಾತಿಗೆ ನಿಂತಿತು.

ಅವರು ಹೆದರುವುದು ವಾಸನೆಗಲ್ಲ. ಹೀಟರಿನಿಂದ ಕೂಲೆಂಟ್ ಸೋರಿದರೆ ಸಿಹಿ ಕಮಟು ಬಂದು ಗಾಜಿನ ಒಳಗೆ ಜಿಡ್ಡು ಕೂರುತ್ತದೆ. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸಿದರೆ ಪ್ಲೇಟು ಸುಟ್ಟ ಘಾಟು, ಬ್ರೇಕು ಹಿಡಿದುಕೊಂಡಿದ್ದರೆ ಒಂದು ಚಕ್ರದ ಬಳಿ ಮಾತ್ರ ಬಿಸಿ ವಾಸನೆ. ವೈರಿನ ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ ಮಾತ್ರ ಅವರು ಮಾತಾಡದೆ ಬ್ಯಾಟರಿ ಕಳಚುತ್ತಾರೆ, ಏಕೆಂದರೆ ಈ ಗಾಡಿಯಲ್ಲಿ ಹೆಡ್‌ಲೈಟಿನ ವೈರಿಗೆ ಫ್ಯೂಸೇ ಇಲ್ಲ. ಇವೆಲ್ಲ ಬಾಯಿಬಿಟ್ಟು ಹೇಳಿಕೊಳ್ಳುವ ಕಾಯಿಲೆಗಳು. ಹೇಳಿಕೊಳ್ಳದ್ದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಒಳ್ಳೆಯ ಗಾಳಿಯಲ್ಲಿ ಕೂತರೂ ಅರ್ಧದಷ್ಟು ಬಿಟ್ಟುಹೋಗಲು 4-5 ಗಂಟೆ ಬೇಕು. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಗಾಡಿ ನಿಂತಲ್ಲೇ ಉಗುಳುವ ಹೊಗೆಯಲ್ಲಿ ನೂರಕ್ಕೆ 3-4 ಪಾಲು ಅದೇ ಇರುತ್ತದೆ. ಹೊಗೆಯ ವಾಸನೆ ಬಂತೆಂದರೆ ಅದರ ಜೊತೆ ಈ ಅನಿಲವೂ ಒಳಗೆ ಬಂದಿದೆ ಎಂದೇ ಅರ್ಥ. ಮನೆ ಸೇರಿದ ಮೇಲೂ ಬಿಡದ ತಲೆನೋವು ಅದರ ಗುರುತು.

ಈಗ ಬಾನೆಟ್ ಎದ್ದಿತು. ಇಂಗ್ಲೆಂಡಿನ ಅಬಿಂಗ್ಡನ್ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ಕಾರುಗಳಲ್ಲಿ ಇದೊಂದು. 1798 ಸಿಸಿ, ನಾಲ್ಕು ಸಿಲಿಂಡರು. ಎಡಮಗ್ಗುಲಲ್ಲಿ ಜೋಡಿ ಎಸ್‌ಯು ಕಾರ್ಬ್ಯುರೇಟರುಗಳು, ಅವುಗಳ ಅಡಿಯಲ್ಲೇ ಎಂಜಿನ್ನಿನ ಹೊಗೆಯನ್ನು ಪೈಪಿಗೆ ಸೇರಿಸುವ ಎರಕದ ಮ್ಯಾನಿಫೋಲ್ಡು. ಚೋಕ್ ಎಳೆದು ಕೀ ತಿರುಗಿಸುತ್ತಲೇ ಗರ್ರ್ ಎಂದು ಎದ್ದ ಎಂಜಿನ್ನಿನ ಸದ್ದಿನೊಳಗಿಂದ ಇನ್ನೊಂದು ಸಣ್ಣ ಸದ್ದು: ಟಿಕ್, ಟಿಕ್, ಟಿಕ್. ಮೇಸ್ತ್ರಿ ಬೆರಳೆತ್ತಿದರು. ಹುಡುಗ ದಪ್ಪ ಕೈಗವಸು ತೊಟ್ಟು ಸೈಲೆನ್ಸರಿನ ಬಾಯಿಗೆ ಮಡಿಸಿದ ಗೋಣಿತಟ್ಟು ಅಮುಕಿದ. ಹೊರಹೋಗಲು ದಾರಿ ಸಿಗದ ಹೊಗೆ ಬಿರುಕು ಹುಡುಕಿಕೊಂಡು ಬಂದು ಮ್ಯಾನಿಫೋಲ್ಡಿನ ಕೆಳಗೆ ಬುಸ್ ಎಂದಿತು. ಬ್ರಷ್ಷಿನಿಂದ ಸೋಪಿನ ನೀರು ಸವರಿದರೆ, ಮೂರು ಮೂರು ಹಿತ್ತಾಳೆ ನಟ್ಟುಗಳಿಂದ ಪೈಪು ಕೂಡಿಕೊಳ್ಳುವ ಕಡೆ ನೊರೆ ಉಕ್ಕಿತು, ಪಕ್ಕದಲ್ಲಿ ಮಸಿಯ ಗೆರೆ. ಲೋಹ ಕಾಯುತ್ತ ಹಿಗ್ಗಿದ ಮೇಲೆ ಸಂದು ಮುಚ್ಚಿಕೊಂಡು ಟಿಕ್ ಸದ್ದು ಅಡಗಿತು. ಬಿಸಿ ಗಾಡಿ ತಂದು ತೋರಿಸಿದವರಿಗೆ ಇದು ಸಿಗುವುದೇ ಇಲ್ಲ.

ಎಂಜಿನ್ ಕಾದಂತೆ ಎರಡನೆಯ ವಾಸನೆ ತಾನಾಗಿ ಬಂತು, ಬೋಂಡಾ ಬಾಣಲೆಯ ಹಳೆ ಎಣ್ಣೆ ಕರಟಿದಂತೆ. ಮ್ಯಾನಿಫೋಲ್ಡಿನಿಂದ ನೀಲಿ ಹೊಗೆಯ ಎಳೆಯೊಂದು ಮೇಲೇಳುತ್ತಿತ್ತು. ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗಿನ ಅಂಚಿನಲ್ಲಿ ಹೊಳೆಯುವ ಹನಿಗಳು. "ಸೋರಿದಾಗೆಲ್ಲ ಯಾರೋ ಮೇಲಿನ ಎರಡು ನಟ್ಟು ಬಿಗಿ ಮಾಡ್ಕೊಂಡೇ ಬಂದವ್ರೆ ಸಾರ್. ತಗಡು ಬಾಗೋಗಿದೆ. ಇನ್ನು ಬಿಗಿದಷ್ಟೂ ಸೋರುತ್ತೆ." ಕವರನ್ನು ಬಿಚ್ಚಿ, ಸಮತಟ್ಟಾದ ಕಲ್ಲಿನ ಮೇಲಿಟ್ಟು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ತಟ್ಟಿ ನೇರ ಮಾಡುವುದಕ್ಕೆ ಹುಡುಗನಿಗೆ ಮಧ್ಯಾಹ್ನವಾಯಿತು.

ಸೋರಿಕೆ ನಿಂತರೆ ಮುಗಿಯಿತೆಂದು ನಾವಾಗಿದ್ದರೆ ಹೊರಟುಬಿಡುತ್ತಿದ್ದೆವೇನೋ. ಮೇಸ್ತ್ರಿ ಹೊರಡಲಿಲ್ಲ. "ಹೊಗೆ ಹುಟ್ಟೋ ಜಾಗ ಬೇರೆ, ಒಳಗೆ ಬರೋ ಜಾಗ ಬೇರೆ" ಎನ್ನುತ್ತ ಕಾರಿನ ಮೇಲೆ ಕಪ್ಪು ಟಾರ್ಪಾಲು ಹೊದಿಸಿದರು. ಬನ್ನಿ, ನೀವೂ ಪಕ್ಕದ ಸೀಟಿಗೆ. ಒಳಗೆ ಕತ್ತಲೆ. ಹುಡುಗ ಟಾರ್ಚ್ ಹಿಡಿದು ಎಂಜಿನ್ ಕಡೆಯಿಂದ ಬೆಳಕು ಹಾಯಿಸುತ್ತಿದ್ದಾನೆ. ಪೆಡಲುಗಳ ಮೇಲೆ ಒಂದು ಚುಕ್ಕಿ, ವೈರಿನ ಕಟ್ಟು ಹಾಯ್ದುಬರುವ ತೂತಿನ ಸುತ್ತ ಸಣ್ಣ ಬಳೆಯಷ್ಟು ಬೆಳಕು. ಅಲ್ಲಿದ್ದ ರಬ್ಬರು ಬಿರುಸಾಗಿ ಪುಡಿಯಾಗಿ ಉದುರಿದೆ. ಗೇರ್ ಕಡ್ಡಿಯ ತೊಗಲಿನ ಬುಡದಲ್ಲಿ ಸೀಳು. ಅವನು ತೆವಳಿಕೊಂಡು ಹಿಂದಕ್ಕೆ ಹೋದಾಗ ನಮ್ಮ ಬೆನ್ನ ಹಿಂದೆ ಉದ್ದಕ್ಕೂ ಬೆಳಕಿನ ಗೆರೆ ಮೂಡಿತು. ಈ ಗಾಡಿಯ ಎರಡು 6 ವೋಲ್ಟ್ ಬ್ಯಾಟರಿಗಳು ಸೀಟಿನ ಹಿಂದೆ, ಕೆಳಗಡೆ ಬಯಲಿಗೆ ತೆರೆದ ಗೂಡುಗಳಲ್ಲಿ ತೂಗುತ್ತವೆ. ಅವುಗಳ ಮೇಲಿನ ಮುಚ್ಚಳಕ್ಕೆ ರಬ್ಬರ್ ಪಟ್ಟಿಯೇ ಇರಲಿಲ್ಲ.

ಟಾಪಿನ ಗುಟ್ಟೂ ಅಲ್ಲೇ ಬಿಚ್ಚಿಕೊಂಡಿತು. ಓಡುವ ಕಾರಿನ ಬಾಲದ ಹಿಂದೆ ಗಾಳಿ ಸುಳಿಯಾಗಿ ಸುತ್ತುತ್ತ ಸೈಲೆನ್ಸರಿನ ಹೊಗೆಯನ್ನು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಟಾಪು ಹಾಕಿ ಕಿಟಕಿ ಇಳಿಸಿದರೆ, ಕಿಟಕಿಯ ಪಕ್ಕ ರಭಸದಿಂದ ಹಾಯುವ ಗಾಳಿ ಒಳಗಿನದನ್ನು ಹೊರಕ್ಕೆ ಎಳೆಯುತ್ತದೆ. ತೆರವಾದ ಜಾಗ ತುಂಬಲು ಡಿಕ್ಕಿಯ ಸಂದಿನಿಂದ, ಬ್ಯಾಟರಿ ಮುಚ್ಚಳದಿಂದ ಹೊಗೆ ಒಳಸೇರುತ್ತದೆ. ಗಾಳಿ ಬರಲೆಂದು ಇಳಿಸಿದ ಕಿಟಕಿಯೇ ಹೊಗೆಯನ್ನು ಕರೆಯುತ್ತಿತ್ತು.

ಹೊಸ ಪ್ಯಾಕಿಂಗು, ಹೊಸ ಹಿತ್ತಾಳೆ ನಟ್ಟು, ತೂತುಗಳಿಗೆ ಜೆ.ಸಿ. ರಸ್ತೆಯಲ್ಲೇ ಸಿಕ್ಕ ರಬ್ಬರು. ಸಂಜೆ ಡ್ಯಾಶ್‌ಬೋರ್ಡಿಗೆ ಅಂಗೈಯಗಲದ ಕಾರ್ಬನ್ ಮಾನಾಕ್ಸೈಡ್ ಮೀಟರ್ ಅಂಟಿಸಿಕೊಂಡು ಮೇಸ್ತ್ರಿಯೂ ಓನರೂ ಹೊರಟರು. ಹಡ್ಸನ್ ವೃತ್ತದ ಸಿಗ್ನಲ್ಲಿನಲ್ಲಿ ಸೊನ್ನೆ. ಅಲ್ಲಿಂದ ಮುಂದೆ ಕಿಟಕಿ ಇಳಿಸಿ ವೇಗ ಹೆಚ್ಚಿಸಿದಾಗ ಅಂಕಿ ಮೆಲ್ಲಗೆ ಏರಿತಂತೆ. ಡಿಕ್ಕಿಯ ಸುತ್ತಿನ ರಬ್ಬರು ಸವೆದು ಚಪ್ಪಟೆಯಾಗಿದೆ, ಅದು ಇಲ್ಲಿ ಸಿಗುವುದಿಲ್ಲ, ಇಂಗ್ಲೆಂಡಿನಿಂದ ತರಿಸಬೇಕು.

"ಅದು ಬರೋವರ್ಗೂ ಟಾಪು ತೆಗೆದೇ ಓಡಿಸಿ ಸಾರ್. ಮಳೆ ಬಂದ್ರೆ ಗಾಡಿ ಆಚೆ ತೆಗೀಬೇಡಿ. ಮೀಟರ್ ಮಾತ್ರ ಕೀಳ್ಬೇಡಿ, ಅದು ಅಲ್ಲೇ ಇರ್ಲಿ" ಎಂದು ಮೇಸ್ತ್ರಿ ರಬ್ಬರಿನ ಅಳತೆ ಬರೆದ ಚೀಟಿಯನ್ನು ಓನರ್ ಜೇಬಿಗೆ ತುರುಕಿದರು.