ಹಂದಿ ತಿನ್ನದವರ ಮಿದುಳಿಗೂ ಲಾಡಿಹುಳು

ಚಡ್ಡಿಯ ಲಾಡಿಯಂತೆ ಚಪ್ಪಟೆಯಾಗಿ, ಬೆಳ್ಳಗೆ, ಉದ್ದಕ್ಕೆ ಇರುವುದರಿಂದ ಲಾಡಿಹುಳುವಿಗೆ ಆ ಹೆಸರು. ಹಂದಿಮಾಂಸದ ಮೂಲಕ ಬರುವ ಜಾತಿಯನ್ನು ಟೀನಿಯಾ ಸೋಲಿಯಂ ಎನ್ನುತ್ತಾರೆ. ಸಾಮಾನ್ಯವಾಗಿ 2ರಿಂದ 4 ಮೀಟರ್ ಬೆಳೆಯುವ ಇದರ ತಲೆ ಮಾತ್ರ ಗುಂಡುಸೂಜಿಯ ತಲೆಯಷ್ಟೇ. ಅದರಲ್ಲಿ 4 ಹೀರುಬಟ್ಟಲು, 2 ಸಾಲು ಕೊಕ್ಕೆ. ಬಾಯಿ, ಹೊಟ್ಟೆ ಎರಡೂ ಇಲ್ಲ. ಮನುಷ್ಯನ ಸಣ್ಣ ಕರುಳಿಗೆ ಕಚ್ಚಿಕೊಂಡು, ಅಲ್ಲಿ ಜೀರ್ಣವಾದದ್ದನ್ನು ಮೈಯಿಂದಲೇ ಹೀರಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಹೊಟ್ಟೆಯಲ್ಲಿ ಇಂಥದ್ದೊಂದು ಇದೆಯೆಂದು ಬಹುತೇಕರಿಗೆ ಗೊತ್ತೇ ಆಗುವುದಿಲ್ಲ.

ಹುಳುವಿನ ಬಾಲದ ತುಣುಕುಗಳು ಕಳಚಿ ಮಲದೊಂದಿಗೆ ಹೊರಬೀಳುತ್ತವೆ. ಒಂದೊಂದರಲ್ಲೂ ಸಾವಿರಾರು ಮೊಟ್ಟೆ. ಬಯಲಲ್ಲಿ ಬಿದ್ದ ಮಲವನ್ನು ಹಂದಿ ತಿಂದರೆ ಮೊಟ್ಟೆಯೊಡೆದ ಮರಿಗಳು ರಕ್ತದ ಮೂಲಕ ಅದರ ಮಾಂಸ ಸೇರಿ ಗುಳ್ಳೆಗಳಾಗುತ್ತವೆ. ಅಂಥ ಮಾಂಸವನ್ನು ಕೊಯ್ದರೆ ಅರೆಬೆಂದ ಸಬ್ಬಕ್ಕಿ ನೆನಪಾಗುತ್ತದೆ: ಸುತ್ತ ನೀರಿನಂತೆ ತಿಳಿ, ನಡುವೆ ಬಿಳಿ ಚುಕ್ಕೆ. ಆ ಚುಕ್ಕೆಯೇ ಮುಂದಿನ ಹುಳುವಿನ ತಲೆ. ಸರಿಯಾಗಿ ಬೇಯದ ಮಾಂಸ ತಿಂದವರ ಕರುಳಿನಲ್ಲಿ ಸುಮಾರು 2 ತಿಂಗಳಲ್ಲಿ ಅದು ದೊಡ್ಡ ಹುಳುವಾಗುತ್ತದೆ. ಕೊಡಗಿನ ಪಂದಿ ಕರಿಯಂತೆ ಚೆನ್ನಾಗಿ ಕುದಿಸಿ ಬೇಯಿಸಿದರೆ ಗುಳ್ಳೆ ಉಳಿಯುವುದಿಲ್ಲ.

ಗುಳ್ಳೆಯೂ ಹುಳುವೂ ಒಂದೇ ಜೀವಿ ಎಂದು 1855ರಲ್ಲಿ ತೋರಿಸಿಕೊಟ್ಟವನು ಜರ್ಮನಿಯ ವೈದ್ಯ ಫ್ರೀಡ್ರಿಷ್ ಕ್ಯೂಷೆನ್‌ಮೈಸ್ಟರ್. ಮರಣದಂಡನೆಗೆ ಗುರಿಯಾದ ಕೈದಿಯ ಊಟದಲ್ಲಿ ಗುಳ್ಳೆ ಬೆರೆಸಿ, ಶಿಕ್ಷೆ ಜಾರಿಯಾದ ಮೇಲೆ ಕರುಳು ಬಗೆದು ಎಳೆಯ ಹುಳುಗಳನ್ನು ಹುಡುಕಿ ತೆಗೆದ. ಇಂದು ಯಾರೂ ಒಪ್ಪದ ಪ್ರಯೋಗ, ಆದರೆ ತೀರ್ಮಾನ ಸರಿಯಾಗಿತ್ತು.

ನಿಜವಾದ ಅಪಾಯ ಇರುವುದು ಮೊಟ್ಟೆಯಲ್ಲಿ. ಅದು ಮನುಷ್ಯನ ಹೊಟ್ಟೆ ಸೇರಿದರೆ ಹಂದಿಯ ಮೈಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ: ಸ್ನಾಯು, ಕಣ್ಣು, ಮಿದುಳಿನಲ್ಲಿ ಗುಳ್ಳೆ. ಮೊಟ್ಟೆ ಬರುವುದು ಮಾಂಸದಿಂದಲ್ಲ, ಹುಳುವಿರುವ ಮನುಷ್ಯನ ಮಲದಿಂದ. ಶೌಚಕ್ಕೆ ಹೋಗಿ ಸೋಪು ಹಾಕಿ ಕೈ ತೊಳೆಯದೆ ಅಡುಗೆ ಮಾಡಿದವರ ಕೈಯಿಂದ, ಕೊಳಚೆ ನೀರುಂಡ ಸೊಪ್ಪಿನಿಂದ ಅದು ಯಾರ ತಟ್ಟೆಗೂ ಬರಬಹುದು. ಹೀಗಾಗಿಯೇ ಹುಟ್ಟಾ ಸಸ್ಯಾಹಾರಿಗಳಿಗೂ ಈ ರೋಗ ಬರುತ್ತದೆ. 1990ರ ಆಸುಪಾಸಿನಲ್ಲಿ ನ್ಯೂಯಾರ್ಕಿನಲ್ಲಿ ಹಂದಿಯನ್ನು ಮುಟ್ಟದ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ ಇದು ಕಾಣಿಸಿಕೊಂಡಾಗ, ಹುಡುಕಾಟ ಮನೆಗೆಲಸದವರ ಕರುಳಿನ ಹುಳುವಿನತ್ತ ಹೋಯಿತು. ನಮ್ಮಲ್ಲಿ ಈ ರೋಗಕ್ಕಾಗಿ ಬೈಗುಳ ತಿನ್ನುವುದು ಎಲೆಕೋಸು. ಅದರೊಳಗೆ ಕಾಣುವ ಹಸಿರು ಹುಳುವಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಲಾಡಿಹುಳುವಿನ ಮೊಟ್ಟೆ ಕಣ್ಣಿಗೇ ಕಾಣದು.

ಮಿದುಳಿನ ಗುಳ್ಳೆ ಜೀವಂತವಾಗಿರುವಷ್ಟು ಕಾಲ ಹೆಚ್ಚಾಗಿ ಸುಮ್ಮನಿರುತ್ತದೆ. ಅದು ಸಾಯತೊಡಗಿದಾಗ ದೇಹ ಅದರ ಮೇಲೆ ಎರಗಿ, ಸುತ್ತ ಬಾವು ಬಂದು, ಇದ್ದಕ್ಕಿದ್ದಂತೆ ಫಿಟ್ಸ್ ಬರುತ್ತದೆ. ರೋಗ ಹರಡಿರುವ ನಾಡುಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30 ಪ್ರಕರಣಗಳಿಗೆ ಇದೇ ಕಾರಣವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸ್ಕ್ಯಾನ್‌ನಲ್ಲಿ ಗುಳ್ಳೆ ಕಂಡರೆ ಫಿಟ್ಸ್ ತಡೆಯುವ ಮಾತ್ರೆ, ಅಗತ್ಯವಿದ್ದರೆ ಸ್ಟೀರಾಯ್ಡ್ ಜೊತೆಗೆ ಆಲ್ಬೆಂಡಜೋಲ್ ಕೊಡುತ್ತಾರೆ. ಗುಳ್ಳೆಗಳು ಒಟ್ಟಿಗೆ ಸತ್ತರೆ ಬಾವು ಹೆಚ್ಚುವುದರಿಂದ ಇದು ಅಂಗಡಿಯಿಂದ ತಂದು ನುಂಗುವ ಔಷಧವಲ್ಲ.

ಮನೆಯಲ್ಲೊಬ್ಬರಿಗೆ ಈ ರೋಗವೆಂದು ಗೊತ್ತಾದರೆ, ಅಡುಗೆಯವರನ್ನೂ ಸೇರಿಸಿ ಎಲ್ಲರ ಮಲಪರೀಕ್ಷೆ ಮಾಡಿಸಬೇಕು. ಕರುಳಿನ ಹುಳುವನ್ನು ಕೊಲ್ಲಲು ವೈದ್ಯರು ಕೊಡುವ ಒಂದು ಸಲದ ಮದ್ದೇ ಸಾಮಾನ್ಯವಾಗಿ ಸಾಕಾಗುತ್ತದೆ.