ಹೊರಗೋಡೆಯ ಗಾಳಿಕಿಂಡಿಗಳನ್ನು ಮುಚ್ಚಬಹುದೇ?

ಮನೆ ಕಟ್ಟುವಾಗ ಕಿಟಕಿಯ ಮೇಲ್ಭಾಗದಲ್ಲಿಯೂ ಅಡಿಗೆಮನೆ ಮತ್ತು ಬಚ್ಚಲುಮನೆಗಳ ಗೋಡೆಯ ನೆತ್ತಿಯಲ್ಲಿಯೂ ಗಾಳಿಕಿಂಡಿಗಳನ್ನು ಬಿಡುವುದು ನಮ್ಮಲ್ಲಿ ರೂಢಿ. ವೆಂಟಿಲೇಟರ್ ಎಂಬ ಹೆಸರೇ ಇವುಗಳಿಗೆ ಬಳಕೆಯಲ್ಲಿದೆ. ಆದರೆ ಗೃಹಪ್ರವೇಶವಾದ ಮೇಲೆ ಇವು ಬಹುಕಾಲ ತೆರೆದೇ ಉಳಿಯುವುದಿಲ್ಲ. ಸೊಳ್ಳೆ, ಧೂಳು, ಪಾರಿವಾಳ, ಮಳೆಯ ಎರಚಲು, ಚಳಿಗಾಳಿ ಮೊದಲಾದ ಕಾರಣಗಳಿಗಾಗಿ ಜನರು ಇವನ್ನು ರಟ್ಟಿನಿಂದಲೋ ಪ್ಲಾಸ್ಟಿಕ್ ಹಾಳೆಯಿಂದಲೋ ಮುಚ್ಚುತ್ತಾರೆ. ಮುಚ್ಚಿದುದರ ಲಾಭ ಒಡನೆಯೇ ಅನುಭವಕ್ಕೆ ಬರುತ್ತದೆ. ಹಾನಿಯಾದರೋ ಕಣ್ಣಿಗೆ ಕಾಣುವಂಥದಲ್ಲ. ಆದುದರಿಂದ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಉಚಿತ.

ಹಿಂದಿನ ಮನೆಗಳಲ್ಲಿ ಈ ಪ್ರಶ್ನೆಗೆ ಅಷ್ಟಾಗಿ ಅವಕಾಶವಿರಲಿಲ್ಲ. ತೊಟ್ಟಿಮನೆಯ ನಡುಅಂಗಳ ಆಕಾಶಕ್ಕೆ ತೆರೆದಿತ್ತು. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಬಳಕೆಗೆ ಬಂದ ಹೆಂಚುಗಳ ಸಂದುಗಳಲ್ಲಿಯೂ ಹೊಗೆ, ಗಾಳಿಗಳು ಧಾರಾಳವಾಗಿ ಹಾಯುತ್ತಿದ್ದುವು. ಕಾಂಕ್ರೀಟಿನ ತಾರಸಿಯಲ್ಲಿ ಅಂಥ ಸಂದುಗಳಿಲ್ಲ. ಕಿಟಕಿ ಬಾಗಿಲುಗಳನ್ನು ಹಾಕಿಕೊಂಡ ಬಳಿಕ ಗಾಳಿಗೆ ಉಳಿಯುವ ಮುಖ್ಯ ದಾರಿಯೆಂದರೆ ಈ ಕಿಂಡಿಯೇ.

ಕಿಂಡಿಯು ಮಾಡುವ ಕೆಲಸಗಳು ಮುಖ್ಯವಾಗಿ ಮೂರು: ಉರಿಗೆ ಗಾಳಿಯನ್ನು ಒದಗಿಸುವುದು, ತೇವವನ್ನು ಹೊರಹಾಕುವುದು, ವಾಸಿಸುವವರ ಉಸಿರಿನಿಂದ ಕೆಟ್ಟ ಗಾಳಿಯನ್ನು ಬದಲಿಸುವುದು. ಇವುಗಳಲ್ಲಿ ಪ್ರಾಣಕ್ಕೆ ನೇರವಾಗಿ ಸಂಬಂಧಿಸಿದುದು ಮೊದಲನೆಯದು.

ಬಚ್ಚಲಿನಲ್ಲಿ ಅಳವಡಿಸಿದ ಗ್ಯಾಸ್ ಗೀಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಿಮಿಷಕ್ಕೆ ೬ ಲೀಟರ್ ನೀರನ್ನು ೨೫ ಡಿಗ್ರಿಯಷ್ಟು ಬಿಸಿಮಾಡುವ ಗೀಸರು ಗಂಟೆಗೆ ಸುಮಾರು ಒಂದು ಕಿಲೋಗ್ರಾಂ ಅನಿಲವನ್ನು ಉರಿಸುತ್ತದೆ. ಒಂದು ಕಿಲೋಗ್ರಾಂ ಅನಿಲವು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೧೩ ಘನ ಮೀಟರ್ ಗಾಳಿ ಬೇಕು. ಎಂದರೆ ನಿಮಿಷಕ್ಕೆ ಸುಮಾರು ೦.೨ ಘನ ಮೀಟರ್. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿ ಸುಮಾರು ೬ ಘನ ಮೀಟರ್ ಮಾತ್ರ. ಹೊರಗಿನ ಗಾಳಿ ಒಳಗೆ ಬರುವುದೇ ಇಲ್ಲವೆಂದು ಭಾವಿಸಿದರೆ, ನೂರಕ್ಕೆ ೨೧ ಇರುವ ಆಮ್ಲಜನಕವು ನಾಲ್ಕೈದು ನಿಮಿಷಗಳಲ್ಲಿ ೧೮ಕ್ಕೆ ಇಳಿಯುತ್ತದೆ. ಬಾಗಿಲಿನ ಸಂದಿನಿಂದ ಸ್ವಲ್ಪ ಗಾಳಿ ಬಂದರೆ ಈ ಅವಧಿ ಹೆಚ್ಚುವುದು ದಿಟ; ಆದರೆ ಸ್ನಾನವೂ ನಾಲ್ಕೈದು ನಿಮಿಷಗಳಲ್ಲಿ ಮುಗಿಯುವುದಿಲ್ಲ.

ಆಮ್ಲಜನಕ ಕಡಮೆಯಾದಂತೆ ಉರಿಯು ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡನ್ನು ಹೊರಸೂಸತೊಡಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹೀಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಹೆಚ್ಚು ಗಾಢವಾಗಿ ಕೂಡಿಕೊಳ್ಳುತ್ತದೆ. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನರು ೧೮೯೫ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ತಾವೇ ಈ ಅನಿಲವನ್ನು ಸೇವಿಸಿ ಅದರ ಪರಿಣಾಮವನ್ನು ಪರೀಕ್ಷಿಸಿದರು. ತಲೆನೋವು, ಕಾಲುಗಳ ನಿತ್ರಾಣ, ಬುದ್ಧಿಯ ಮಂಕು ಇವು ಅದರ ಲಕ್ಷಣಗಳು. ಬಾಗಿಲನ್ನು ತೆರೆಯಬೇಕೆಂಬ ವಿವೇಕ ಮೂಡುವ ಮೊದಲೇ ತೆರೆಯುವ ಶಕ್ತಿ ಉಡುಗಿಹೋಗಬಹುದು. ಕರ್ನಾಟಕದಲ್ಲಿ ಬಚ್ಚಲಿನೊಳಗೆ ಹೀಗೆ ಸಂಭವಿಸಿದ ಮರಣಗಳ ವರದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದಿದೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಸೋರಿಕೆ ತಿಳಿಯಲೆಂದು ಅಡಿಗೆ ಅನಿಲಕ್ಕೆ ದುರ್ಗಂಧವನ್ನು ಬೆರೆಸಿರುತ್ತಾರೆ. ಆದುದರಿಂದ ವಾಸನೆ ಬಾರದಿದ್ದರೆ ಅಪಾಯವಿಲ್ಲವೆಂದು ಅನೇಕರ ನಂಬಿಕೆ. ಉರಿದಾಗ ಆ ಗಂಧದ್ರವ್ಯವೂ ಉರಿದುಹೋಗುತ್ತದೆಯಾಗಿ, ವಾಸನೆಯ ಅಭಾವವು ಕಾರ್ಬನ್ ಮಾನಾಕ್ಸೈಡಿನ ಅಭಾವಕ್ಕೆ ಪ್ರಮಾಣವಾಗಲಾರದು. ಇದಲ್ಲದೆ, ಸೋರಿದ ಅಡಿಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡುತ್ತದೆ. ಉರಿಯಿಂದ ಹುಟ್ಟಿದ ಬಿಸಿಗಾಳಿ ಮೇಲಕ್ಕೇರುತ್ತದೆ. ಆದುದರಿಂದ ಒಂದು ಕಿಂಡಿ ತಗ್ಗಿನಲ್ಲಿಯೂ ಇನ್ನೊಂದು ಎತ್ತರದಲ್ಲಿಯೂ ಇರಬೇಕು. ಇದ್ದ ಒಂದೇ ಕಿಂಡಿಗೆ ಫ್ಯಾನನ್ನು ಕೂಡಿಸಿ ಉಳಿದುದೆಲ್ಲವನ್ನೂ ಬಂದುಮಾಡಿದರೆ, ಒಳಬರಲು ದಾರಿಯಿಲ್ಲದ ಗಾಳಿಯನ್ನು ಫ್ಯಾನು ಹೊರಹಾಕಲಾರದು.

ತೇವದ ವಿಷಯ ಪ್ರಾಣಾಂತಿಕವಲ್ಲದಿದ್ದರೂ ಉಪೇಕ್ಷಣೀಯವಲ್ಲ. ಒಂದು ಕಿಲೋಗ್ರಾಂ ಅನಿಲ ಉರಿದಾಗ ಹುಟ್ಟುವ ನೀರಾವಿಯೇ ಒಂದೂವರೆ ಕಿಲೋಗ್ರಾಮಿಗೆ ಮಿಗಿಲು. ಹೊರಹೋಗದ ಆವಿಯು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ ಬೂಷ್ಟಿಗೆ ಎಡೆಗೊಡುತ್ತದೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಮರದ ನೆಲದ ಅಡಿಯಲ್ಲಿ ಗಾಳಿಯಾಡಲೆಂದು ಹೊರಗೋಡೆಯಲ್ಲಿ ತೂತಿನ ಇಟ್ಟಿಗೆಗಳನ್ನು ಇಡುತ್ತಿದ್ದರು. ಚಳಿಗೆ ಅಂಜಿ ಅವನ್ನು ಮುಚ್ಚಿದರೆ ತೊಲೆಗಳು ತೇವವನ್ನು ಹೀರಿ, ಸರ್ಪುಲಾ ಲ್ಯಾಕ್ರಿಮ್ಯಾನ್ಸ್ ಎಂಬ ಶಿಲೀಂಧ್ರಕ್ಕೆ ಆಹಾರವಾಗಬಹುದು. ನಮ್ಮ ಮಲೆನಾಡು ಕರಾವಳಿಗಳಲ್ಲಿ ಮಳೆಗಾಲದ ಹೊರಗಾಳಿಯೇ ತೇವದಿಂದ ತುಂಬಿರುವುದರಿಂದ ಕಿಂಡಿ ತೆರೆದ ಮಾತ್ರಕ್ಕೆ ಮನೆ ಒಣಗದು. ಆದರೂ ಅಡಿಗೆ, ಸ್ನಾನಗಳ ಆವಿ ಹೊರಹೋಗಲು ದಾರಿ ಬೇಕೇ ಬೇಕು.

ಇನ್ನು ಉಸಿರಿನ ವಿಷಯ. ಮ್ಯೂನಿಕ್ ನಗರದ ಪೆಟೆನ್‌ಕೋಫರರು ೧೮೫೮ರಲ್ಲಿ ಕೋಣೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡು ಸಾವಿರಕ್ಕೆ ಒಂದು ಭಾಗವನ್ನು ಮೀರಬಾರದೆಂದು ಸೂಚಿಸಿದರು. ಆ ಅನಿಲವು ಅಷ್ಟರಲ್ಲಿ ವಿಷವೆಂದಲ್ಲ, ಗಾಳಿ ಹಳತಾಗಿದೆಯೆಂಬುದಕ್ಕೆ ಅದು ಗುರುತು. ಮನೆಗಳಲ್ಲಿ ಸಾಮಾನ್ಯವಾಗಿ ಬಳಸುವ ಏಸಿ ಯಂತ್ರವು ಕೋಣೆಯ ಗಾಳಿಯನ್ನೇ ತಣಿಸಿ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಈ ವಿಚಾರಗಳಿಂದ ಫಲಿಸುವುದಿಷ್ಟು. ಅನಿಲವಾಗಲಿ, ಸೌದೆ ಇದ್ದಿಲಾಗಲಿ ಉರಿಯುವ ಕೋಣೆಯ ಕಿಂಡಿಯನ್ನು ಯಾವ ಕಾರಣಕ್ಕೂ ಮುಚ್ಚಕೂಡದು. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಬಯಲುಗಾಳಿಯಲ್ಲಿ ಇರಿಸಿ ನೀರನ್ನು ಮಾತ್ರ ಕೊಳಾಯಿಯಲ್ಲಿ ಒಳಗೆ ತರುವುದು ಮೇಲು. ವಿದ್ಯುತ್ತಿನ ಗೀಸರಿದ್ದಲ್ಲಿ ವಿಷಾನಿಲದ ಭಯವಿಲ್ಲ, ತೇವದ ಪ್ರಶ್ನೆ ಉಳಿಯುತ್ತದೆ. ಮಲಗುವ ಕೋಣೆಯಲ್ಲಿ ಏಸಿ ನಡೆಯುವಾಗ ಕಿಂಡಿಗೆ ತೆರೆದು ಮುಚ್ಚುವ ಗಾಜಿನ ಪಟ್ಟಿಗಳನ್ನು ಅಳವಡಿಸಬಹುದು. ಶಾಶ್ವತವಾಗಿ ಗಾರೆ ಹಾಕುವುದು ಸರಿಯಲ್ಲ. ಸೊಳ್ಳೆಗೆ ಪರಿಹಾರ ಜಾಲರಿಯೇ ಹೊರತು ರಟ್ಟಲ್ಲ. ಆದರೆ ಧೂಳು ಹಿಡಿದ ಜಾಲರಿಯೂ ರಟ್ಟಿಗೆ ಸಮಾನವಾದುದರಿಂದ ಅದನ್ನು ಆಗಾಗ ತೊಳೆಯಬೇಕು. ಕಿಂಡಿಯನ್ನು ಮುಚ್ಚಹೊರಟವರು ಅದು ಯಾವ ಕೆಲಸವನ್ನು ಮಾಡುತ್ತಿದೆಯೆಂದು ಮೊದಲು ವಿಚಾರಿಸಲಿ. ಆ ಕೆಲಸಕ್ಕೆ ಬೇರೊಂದು ದಾರಿಯನ್ನು ಕಲ್ಪಿಸಿದ ಬಳಿಕವೇ ಮುಚ್ಚುವ ಮಾತು.